ಸುಳ್ಳು ಹೆಸರಿನ ಪೂರ್ವಜ

1965ರ ಬೇಸಿಗೆಯಲ್ಲಿ ಜಾಕ್ ಕೆರೊವಾಕ್ ತನ್ನ ಪೂರ್ವಜನನ್ನು ಹುಡುಕಿಕೊಂಡು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಬಂದ. ‘ಆನ್ ದ ರೋಡ್’ ಕಾದಂಬರಿ ಬರೆದು ಜಗತ್ತಿಗೆಲ್ಲ ಗೊತ್ತಾಗಿದ್ದವನು ಆತ. ಹುಟ್ಟಿದ್ದು ಅಮೆರಿಕದ ಲೋವೆಲ್ ಊರಿನಲ್ಲಾದರೂ ಮನೆಮಾತು ಕೆನಡಾದ ಕೆಬೆಕ್‌ನ ಫ್ರೆಂಚ್. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಿಂದ ಬಂದ ಲ ಬ್ರಿಸ್ ದ ಕೆರೊವಾಕ್ ಎಂಬ ಕುಲೀನ ಸೇನಾಧಿಕಾರಿಯೇ ತಮ್ಮ ಮೂಲಪುರುಷ ಎಂಬ ಮಾತು ಮನೆಯಲ್ಲಿ ತಲೆಮಾರುಗಳಿಂದ ಇತ್ತು. 1756ರಲ್ಲಿ ಕೆನಡಾದಲ್ಲಿದ್ದ ಫ್ರೆಂಚ್ ಸೇನಾಪತಿ ಮೋಂಕಾಮ್‌ನ ಸೈನ್ಯದಲ್ಲಿದ್ದ ಅಧಿಕಾರಿಗಳ ಪಟ್ಟಿ ಬೇಕೆಂದು ಆತ ಕೇಳಿದ. ಅಂಥ ಕಡತಗಳು ಯುದ್ಧದಲ್ಲಿ ನಾಶವಾದವು ಎಂಬ ಉತ್ತರ ಬಂತು. ಬಾಯಿಂದ ಮದ್ಯದ ವಾಸನೆ ಹೊಡೆಯುತ್ತಿದ್ದವನನ್ನು ಸಿಬ್ಬಂದಿ ಓರೆಗಣ್ಣಲ್ಲಿ ನೋಡಿದ್ದನ್ನೂ ಆತನೇ ಮುಂದೆ ಬರೆದುಕೊಂಡ.

ಬ್ರಿಟನಿಗೆ ಹೋಗಿಯೇ ನೋಡೋಣವೆಂದು ವಿಮಾನದ ಟಿಕೆಟ್ ತೆಗೆಸಿದ. ಹೊರಡುವ ಹೊತ್ತಿಗೆ ಶೌಚಾಲಯಕ್ಕೆ ಹೋದ; ಪೆಟ್ಟಿಗೆ ವಿಮಾನ ಹತ್ತಿತು, ಪೆಟ್ಟಿಗೆಯ ಒಡೆಯ ಹಿಂದೆ ಉಳಿದ! ರೈಲು ಹಿಡಿದು ಬ್ರೆಸ್ಟ್ ತಲುಪಿ, ಲ ಬ್ರಿಸ್ ಹೆಸರಿನ ಒಬ್ಬರನ್ನು ಕಂಡು ಹರಟಿದನಾದರೂ ವಂಶದ ಗಂಟು ಸಡಿಲಾಗಲಿಲ್ಲ. ಆ ಸೋತ ಯಾತ್ರೆಯೇ ‘ಸತೋರಿ ಇನ್ ಪ್ಯಾರಿಸ್’ ಎಂಬ ಪುಸ್ತಕವಾಯಿತು. 1969ರಲ್ಲಿ, 47ನೇ ವಯಸ್ಸಿಗೆ ಆತ ತೀರಿಕೊಂಡ.

ಹುಡುಕಾಟ ಅಲ್ಲಿಗೆ ಮುಗಿಯಲಿಲ್ಲ. ಕೆಬೆಕ್‌ನಲ್ಲಿ ಕಿರುವಾಕ್, ಕೆರೊಆಕ್, ಕೆರೊವಾಕ್ ಎಂದು ತಮ್ಮನ್ನು ಬಗೆಬಗೆಯಾಗಿ ಬರೆದುಕೊಳ್ಳುವ ದಾಯಾದಿಗಳು ಒಂದು ಸಂಘವನ್ನೇ ಕಟ್ಟಿಕೊಂಡಿದ್ದರು. ಹಳೆಯ ಕೆಬೆಕ್‌ನಲ್ಲಿ ಮನೆತನ ಹುಡುಕುವವರಿಗೆ ದಾಖಲೆಯ ಬರವಿಲ್ಲ. ಪಾದ್ರಿಗಳು ಜನನ, ಮದುವೆ, ಸಾವುಗಳನ್ನು ಎರಡೆರಡು ಪ್ರತಿಗಳಲ್ಲಿ ಬರೆದಿಡುತ್ತಿದ್ದರು; ಮದುವೆಯಾದ ಹೆಣ್ಣಿಗೂ ದಾಖಲೆಯಲ್ಲಿ ತವರಿನ ಹೆಸರೇ ಇರುತ್ತಿತ್ತು. ತೊಡಕಿದ್ದದ್ದು ಗಂಡಸರ ಹೆಸರುಗಳಲ್ಲಿ. ಮನೆಹೆಸರಿನ ಜೊತೆಗೆ ಸೈನ್ಯದ ಅಡ್ಡಹೆಸರೋ ಜಮೀನಿನ ಹೆಸರೋ ಅಂಟಿಕೊಳ್ಳುತ್ತಿತ್ತು. ಒಬ್ಬ ಮಗ ಒಂದನ್ನು ಉಳಿಸಿಕೊಂಡರೆ ಇನ್ನೊಬ್ಬ ಇನ್ನೊಂದನ್ನು ಹಿಡಿಯುತ್ತಿದ್ದ. ಪಾದ್ರಿಯೋ ಕಿವಿಗೆ ಬಿದ್ದಂತೆ ಬರೆಯುತ್ತಿದ್ದ.

ಕೈಯಲ್ಲಿದ್ದ ಗಟ್ಟಿ ಸುಳಿವೆಂದರೆ ಕಾಪ್-ಸೇಂಟ್-ಇನ್ಯಾಸ್ ಚರ್ಚಿನ ಮದುವೆ ದಾಖಲೆ. 1732ರ ಅಕ್ಟೋಬರ್ 22ರಂದು ಲೂಯಿಸ್ ಬೆರ್ನಿಯೆ ಎಂಬವಳನ್ನು ಮದುವೆಯಾದ ವರ, ತಾನು ಬ್ರಿಟನಿಯ ಲ ಬ್ರಿಸ್ ದ ಕೆರೊವಾಕ್ ಎಂದು ಬರೆಸಿದ್ದ. ತಂದೆತಾಯಿಯ ಹೆಸರನ್ನೂ ಊರಿನ ಹೆಸರನ್ನೂ ಹೇಳಿದ್ದ. ಆ ಹೆಸರುಗಳನ್ನು ನಂಬಿ ಬ್ರಿಟನಿಯ ಕಡತಗಳಲ್ಲಿ ಹುಡುಕಿದವರಿಗೆಲ್ಲ ಬರಿಗೈ. ಅಂಥ ದಂಪತಿ ಅಲ್ಲಿ ಎಲ್ಲೂ ಇರಲಿಲ್ಲ.

ಸಂಘದವರು ಕೊನೆಗೆ ಬ್ರಿಟನಿಯ ವಂಶಾವಳಿ ಸಂಶೋಧಕಿ ಪಾಟ್ರಿಸಿಯಾ ದಾಜಿಯೆ ಅವರ ಮೊರೆಹೋದರು. ಮದುಮಗ ನಿಜ ಹೇಳಿರಬೇಕು ಎಂಬ ನಂಬಿಕೆಯನ್ನೇ ಬಿಟ್ಟುಕೊಟ್ಟದ್ದು ಈ ಕತೆಯ ತಿರುವು. ಹೆಸರು ಸುಳ್ಳಿರಬಹುದು, ಆದರೆ ಊರು? ವರ ಹೇಳಿದ್ದ ಊರಿನ ಹೆಸರನ್ನು ಹೋಲುವ ಬೆರಿಯೆನ್ ಎಂಬ ಪ್ಯಾರಿಷ್ ಬ್ರಿಟನಿಯಲ್ಲಿ ಇತ್ತು. ಅದರ ಮಗ್ಗುಲಲ್ಲೇ ಯುಎಲ್‌ಗೊವಾಟ್ ಪಟ್ಟಣ. ಅಲ್ಲಿನ ನೋಟರಿ ಮನೆತನವೊಂದರ ಕಾಗದಗಳಲ್ಲಿ ಬೇಕಾದ ಹೆಸರು ಸಿಕ್ಕಿತು, ಆದರೆ ಬೇರೊಂದು ಮನೆಹೆಸರಿನ ಬಾಲದಲ್ಲಿ: ಲ ಬಿಯಾನ್ ದ ಕೆರ್‌ವೊವಾಕ್. ಆ ಮನೆಯ ಒಬ್ಬ ಮಗ ಊರಿನ ದಾಖಲೆಗಳಿಂದ ಇದ್ದಕ್ಕಿದ್ದಂತೆ ಕಣ್ಮರೆಯಾಗಿದ್ದ. ಅವನ ಸಹಿಯನ್ನು ಕೆಬೆಕ್‌ನ ಸಹಿಯ ಪಕ್ಕ ಇಟ್ಟು ನೋಡಿದರು. ಸಾಗರದ ಎರಡು ದಡದಲ್ಲೂ ಒಂದೇ ಕೈ!

ಅವನು ಉರ್ಬೆನ್-ಫ್ರಾನ್ಸ್ವಾ ಲ ಬಿಯಾನ್, ರಾಜನ ನೋಟರಿಯ ಮಗ. 1720ರಲ್ಲಿ ಒಂದು ಮದುವೆಮನೆಯಲ್ಲಿ ಹಣ ಕದ್ದ ಆರೋಪ ಅವನ ಮೇಲೆ ಬಂದು, ಮನೆತನದ ಮರ್ಯಾದೆ ಬೀದಿಗೆ ಬಿದ್ದಿತ್ತು. ಕೆನಡಾ ಸೇರಿದವನು ನಿಜವಾದ ಮನೆಹೆಸರನ್ನು ನುಂಗಿಕೊಂಡ, ತಂದೆತಾಯಿಯ ಹೆಸರನ್ನೂ ಬದಲಿಸಿ ಹೇಳಿದ. ತೀರಿಕೊಂಡದ್ದು 1736ರಲ್ಲಿ, ಮೋಂಕಾಮ್ ಕೆನಡಾಕ್ಕೆ ಬರುವುದಕ್ಕೆ 20 ವರ್ಷ ಮೊದಲೇ. ಅವನ ಮಕ್ಕಳಿಗೆ ದಕ್ಕಿದ್ದು ಕೆರೊವಾಕ್ ಎಂಬ ಜಮೀನಿನ ಹೆಸರೊಂದೇ. ಲ ಬಿಯಾನ್ ಎಂಬುದು ಅಮೆರಿಕದ ಒಬ್ಬ ಕೆರೊವಾಕ್‌ನಿಗೂ ಗೊತ್ತಿರಲಿಲ್ಲ.