ಹೇಸರಗತ್ತೆ ಎಳೆದ ಫೈಬರ್

ಈ ಗುಡ್ಡಗಾಡು ನೋಡಿ. ಅಮೆರಿಕದ ಕೆಂಟಕಿ ರಾಜ್ಯ. ಇಲ್ಲಿ ಮೆಕ್ಕೀ ಅನ್ನೋ ಪುಟ್ಟ ಊರು. ಊರಿಗೆಲ್ಲ ಒಂದೇ ಒಂದು ಟ್ರಾಫಿಕ್ ಸಿಗ್ನಲ್. ಆದರೆ 2014ರ ಹೊತ್ತಿಗೇ ಸುತ್ತಲಿನ ಎರಡು ಕೌಂಟಿಗಳ ಮನೆಬಾಗಿಲಿಗೆಲ್ಲ ಫೈಬರ್ ಇಂಟರ್ನೆಟ್ ಬಂದಾಗಿತ್ತು!

ತಂದವರು ಯಾರು? ಪೀಪಲ್ಸ್ ರೂರಲ್ ಟೆಲಿಫೋನ್ ಕೋಆಪರೇಟಿವ್. 1950ರ ದಶಕದ ಸಣ್ಣ ಸಹಕಾರ ಸಂಘ. ನಮ್ಮೂರ ಹಾಲಿನ ಡೇರಿ ಇದೆಯಲ್ಲ, ಹಾಗೇ. ಫೋನ್ ಹಾಕಿಸಿಕೊಂಡವರೇ ಸದಸ್ಯರು, ಸದಸ್ಯರೇ ಒಡೆಯರು. ಲಾಭವೇ ಗುರಿಯಾಗಿದ್ದರೆ ಈ ದೂರದ ಒಂಟಿ ಮನೆಗಳಿಗೆ ಯಾರು ತಂತಿ ಎಳೀತಿದ್ದರು ಹೇಳಿ?

ಸುಮಾರು 1,000 ಮೈಲಿ ಕೇಬಲ್. ಖರ್ಚು ಅಂದಾಜು 5 ಕೋಟಿ ಡಾಲರ್. ಸಾಲ, ಅನುದಾನ ಕೊಟ್ಟದ್ದು ಅಮೆರಿಕ ಸರ್ಕಾರದ ಕೃಷಿ ಇಲಾಖೆ. ಕೃಷಿ ಇಲಾಖೆ ಯಾಕೆ ಅಂತೀರಾ? ಹಳ್ಳಿಗಳ ವಿದ್ಯುತ್ತಿಗೆ ಸಾಲ ಕೊಡ್ತಿದ್ದ ಅದರ ಸಂಸ್ಥೆ, 1949ರ ಕಾನೂನು ತಿದ್ದುಪಡಿಯಿಂದ ಹಳ್ಳಿ ಫೋನಿಗೂ ಸಾಲ ಕೊಡೋದಕ್ಕೆ ಶುರು ಮಾಡಿತು.

ಇನ್ನು, ಲಾರಿ ಹತ್ತಲಾರದ ಕಡಿದಾದ ಜಾಗಗಳು. ಅಲ್ಲಿ ಕೇಬಲ್ ಎಳೆದದ್ದು ಒಂದು ಹೇಸರಗತ್ತೆ! ಹೆಸರು ಓಲ್ಡ್ ಬಬ್. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇವನೇ.

ತಂಬಾಕು, ಕಲ್ಲಿದ್ದಲಿನ ಕೆಲಸ ಕರಗಿಹೋದ ಈ ಸೀಮೆಯಲ್ಲಿ ಈಗ ಜನ ಈ ಫೈಬರ್ ಇಂಟರ್ನೆಟ್ಟಿನಿಂದ ಮನೆಯಲ್ಲೇ ಕೂತು, ಹೆಡ್‌ಫೋನ್ ಹಾಕಿಕೊಂಡು, ದೂರದ ಕಂಪನಿಗಳ ಗ್ರಾಹಕರ ಕರೆಗೆ ಉತ್ತರ ಕೊಡ್ತಿದ್ದಾರೆ.