ಎರೆಮಣ್ಣಿನ ಮೇಲಿನ ಮನೆ: ನೆಲ ಉಬ್ಬುವುದೇಕೆ?

ಎರೆಭೂಮಿಯಲ್ಲಿ ಕಟ್ಟಿದ ಮನೆಯ ನೆಲ ಕೆಲವು ವರ್ಷಗಳಲ್ಲಿ ನಡುವೆ ಉಬ್ಬಿ ಬರುವುದು ಹಿರಿಯೂರು, ಚಿತ್ರದುರ್ಗದ ಕಡೆಯ ಕಪ್ಪುಮಣ್ಣಿನ ಊರುಗಳಲ್ಲಿ ಕಾಣುವ ತೊಂದರೆ. ಟೈಲ್ಸ್ ಸಂದು ಬಿಡುತ್ತವೆ, ಬಾಗಿಲ ಅಡಿ ನೆಲಕ್ಕೆ ಉಜ್ಜುತ್ತದೆ, ಗೋಡೆ ಮತ್ತು ನೆಲ ಸೇರುವಲ್ಲಿ ಉದ್ದುದ್ದ ಬಿರುಕು ಮೂಡುತ್ತದೆ. ಗೋಡೆಯ ಪಾಯ ಆಳಕ್ಕೆ ಇಳಿದಿರುತ್ತದೆ, ಮೇಲೆ ಮನೆಯ ಭಾರವೂ ಇರುತ್ತದೆ. ನೆಲವಾದರೋ ಮೇಲುಮಣ್ಣಿನ ಮೇಲೆ ಹಗುರವಾಗಿ ಕೂತಿರುವ ಕಾಂಕ್ರೀಟಿನ ಪದರ ಅಷ್ಟೆ. ಹಾಗಾಗಿ ಗೋಡೆ ಕದಲದಿದ್ದರೂ ನೆಲ ಏಳುತ್ತದೆ.

ಇದಕ್ಕೆ ಮೂಲ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ಕಣಗಳು ಅತಿ ತೆಳುವಾದ ಪದರಗಳಿಂದ ಆಗಿವೆ. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳಿದಾಗ ಮಣ್ಣು ಹಿಗ್ಗುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ಹತ್ತಿ ಬೆಳೆಗಾರನಿಗೆ ತೇವ ಹಿಡಿದಿಡುವ ಈ ಗುಣ ವರ. ಮನೆ ಕಟ್ಟುವವನಿಗೆ ಅದೇ ತಲೆನೋವು.

ಮನೆ ಕಟ್ಟಿದ ಕೂಡಲೇ ಉಬ್ಬದೆ ನಾಲ್ಕಾರು ವರ್ಷದ ಮೇಲೆ ಉಬ್ಬುವುದೇಕೆ ಎಂಬ ಪ್ರಶ್ನೆ ಸಹಜ. ಮಳೆ ಕಡಿಮೆ ಇರುವ ಹಿರಿಯೂರಿನಂಥ ಕಡೆ ಪಾಯ ತೋಡುವಾಗ ಮಣ್ಣು ಒಣಗಿರುತ್ತದೆ. ಮೇಲೆ ಕಾಂಕ್ರೀಟು ಮುಚ್ಚಿದ ನಂತರ ಕೆಳಗಿನ ತೇವ ಆವಿಯಾಗಿ ಹೋಗಲು ದಾರಿಯಿಲ್ಲ. ಅದು ನಿಧಾನವಾಗಿ ಮನೆಯ ನಡುಭಾಗದ ಅಡಿ ಸೇರುತ್ತದೆ. ಗೋಡೆಯಂಚಿನ ಮಣ್ಣು ಬಿಸಿಲಿಗೆ ಒಣಗುತ್ತಲೇ ಇರುತ್ತದೆ. ನಡು ಹಿಗ್ಗಿ ಅಂಚು ಕುಗ್ಗಿದಾಗ ನೆಲ ಗುಮ್ಮಟದಂತಾಗುತ್ತದೆ. ಬಚ್ಚಲ ಪೈಪಿನ ಸೋರಿಕೆ, ಗೋಡೆ ಬುಡದಲ್ಲೇ ಬೀಳುವ ಮಾಳಿಗೆಯ ನೀರು ಇದನ್ನು ಬೇಗ ತರುತ್ತವೆ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿತ್ತು. ಅಂಥ ಮಳೆಯ ವರ್ಷದಲ್ಲಿ ತೇವ ಆಳಕ್ಕೆ ಇಳಿಯುವುದರಿಂದ, ಬಹುಕಾಲ ಒಣಗಿದ್ದ ಎರೆ ಹೆಚ್ಚು ಹಿಗ್ಗುತ್ತದೆ.

ಆದರೆ ಉಬ್ಬಿದ ನೆಲಕ್ಕೆಲ್ಲ ಎರೆಯೇ ಕಾರಣವಲ್ಲ. ಹೊಸದುರ್ಗ, ಹೊಳಲ್ಕೆರೆಯ ಕಡೆ ಕೆಂಪು ಮಣ್ಣು ಹೆಚ್ಚು. ಅದು ಹೀಗೆ ಹಿಗ್ಗುವುದಿಲ್ಲ. ಅಲ್ಲಿ ಟೈಲ್ಸ್ ಎದ್ದಿದ್ದರೆ ಸಂದು ಬಿಡದೆ ಒತ್ತೊತ್ತಾಗಿ ಕೂರಿಸಿರಬಹುದು, ಇಲ್ಲವೇ ಗಾರೆ ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಆಗ ನಾಲ್ಕೈದು ಟೈಲ್ಸ್ ಮಾತ್ರ ಏಳುತ್ತವೆ, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ, ಕೆಳಗಿನ ಕಾಂಕ್ರೀಟು ಸಮವಾಗಿಯೇ ಇರುತ್ತದೆ. ನೆಲಕ್ಕೆ ಅಂಟಿಸಿದ ವಿನೈಲ್ ಹಾಸು ಗುಳ್ಳೆಗಟ್ಟಿ, ಒತ್ತಿದರೆ ಮೆತ್ತಗಿದ್ದರೆ ಅಡಿಯಿಂದ ತೇವ ಬರುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಖಚಿತಪಡಿಸಿಕೊಳ್ಳಲು ಹಾಸು ತೆಗೆದ ಜಾಗದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ ಮರುದಿನ ನೋಡಬೇಕು. ಒಳಗೆ ನೀರ ಹನಿ ಕಂಡರೆ, ಹೊಸ ಹಾಸು ಹಾಕಿದರೂ ಅದೇ ಗತಿ.

ಮಣ್ಣಿನ ಪರೀಕ್ಷೆ ಇನ್ನೂ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿರುವ ಮಣ್ಣು ಅದಕ್ಕಿಂತ ಎಷ್ಟು ಹೆಚ್ಚು ಜಾಗ ಹಿಡಿಯಿತು ಎಂಬುದೇ ಲೆಕ್ಕ. ಭಾರತೀಯ ಮಾನಕದ ಪ್ರಕಾರ ಶೇ 50ರೊಳಗಿದ್ದರೆ ಹಿಗ್ಗುವ ಗುಣ ಕಡಿಮೆ, ಶೇ 100 ದಾಟಿದರೆ ಹೆಚ್ಚು.

ಹೊಸದಾಗಿ ಕಟ್ಟುವವರು ನೆಲದಡಿಯ ಎರೆಯನ್ನು ಸುಮಾರು ಒಂದು ಮೀಟರ್ ತೆಗೆದು, ಹಿಗ್ಗದ ಗರಸು ಮಣ್ಣನ್ನು ಪದರ ಪದರವಾಗಿ ದಿಮ್ಮಸು ಹೊಡೆದು ತುಂಬುವುದು ಉತ್ತಮ. ಎರೆಯ ಮೇಲೆ ಇಂಥ ಜಿಗುಟುಳ್ಳ, ಹಿಗ್ಗದ ಮಣ್ಣಿನ ಪದರ ಹಾಸಿ ಉಬ್ಬು ತಡೆಯುವ ವಿಧಾನವನ್ನು ಬಾಂಬೆ ಐಐಟಿಯ ಆರ್.ಕೆ. ಕಟ್ಟಿ ಅವರು ಅಭಿವೃದ್ಧಿಪಡಿಸಿದರು. ಬರೀ ಮರಳು ತುಂಬುವುದು ತಪ್ಪು. ಮರಳಿನಲ್ಲಿ ನೀರು ನಿಂತು ಎರೆಗೆ ಇಳಿಯುತ್ತದೆ. ಪಾಯಕ್ಕೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳಿವೆ. ಎರೆಯಲ್ಲಿ ಅವು ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಆಳಕ್ಕೆ ಇಳಿಯುತ್ತವೆ. ಅಲ್ಲಿ ಮಣ್ಣಿನ ತೇವ ಋತುವಿನೊಂದಿಗೆ ಹೆಚ್ಚು ಬದಲಾಗುವುದಿಲ್ಲ.

ಉಬ್ಬಿದ ಮನೆಯಲ್ಲಿ ಈಗಾಗಲೇ ಇರುವವರಿಗೆ ಅವಸರದಲ್ಲಿ ನೆಲ ಒಡೆಸುವುದು ದುಡ್ಡು ದಂಡ. ಮೊದಲು ನೀರಿನ ದಾರಿ ತಪ್ಪಿಸಬೇಕು: ಸೋರುವ ಪೈಪು ಬದಲಾಯಿಸಿ, ಮಾಳಿಗೆ ನೀರನ್ನು ಕೊಳವೆಯಲ್ಲಿ ದೂರ ಬಿಟ್ಟು, ಮನೆ ಸುತ್ತ ಹೊರಕ್ಕೆ ಇಳಿಜಾರಾದ ಐದಾರು ಅಡಿ ಅಗಲದ ಕಾಂಕ್ರೀಟ್ ಅಂಚು ಹಾಕಿಸಬೇಕು. ಗೋಡೆಗೆ ಹತ್ತಿರದ ದೊಡ್ಡ ಮರ ಬೇಸಿಗೆಯಲ್ಲಿ ಅಂಚಿನ ತೇವವನ್ನು ಹೀರುತ್ತದೆ ಎಂಬುದೂ ಗಮನದಲ್ಲಿರಲಿ. ಆಮೇಲೆ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆದು, ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು. ಗೆರೆ ದಾಟದಿದ್ದರೆ ಮಾತ್ರ ಹೊಸ ನೆಲಕ್ಕೆ ಕೈಹಾಕಬಹುದು. ಮರಳಿನ ಮೇಲೆ ಬಿಡಿಬಿಡಿಯಾಗಿ ಕೂರಿಸಿದ ಕಲ್ಲುಚಪ್ಪಡಿಯ ಹಳೆಯ ನೆಲಕ್ಕೆ ಒಂದು ಅನುಕೂಲವಿತ್ತು. ಉಬ್ಬಿದ ಕಡೆ ಚಪ್ಪಡಿ ಎತ್ತಿ, ಮಣ್ಣು ಕೆತ್ತಿ, ಮತ್ತೆ ಕೂರಿಸಬಹುದಿತ್ತು. ಸಿಮೆಂಟಿಗೆ ಕಚ್ಚಿದ ಟೈಲ್ಸ್‌ಗೆ ಆ ಸೌಲಭ್ಯವಿಲ್ಲ.

ಎರೆಭೂಮಿಯಲ್ಲಿ ಹಳೆಯ ಮನೆ ಕೊಳ್ಳುವವರು ಹೊಸ ಟೈಲ್ಸ್‌ನ ಹೊಳಪು ನೋಡಿ ಒಪ್ಪಬಾರದು. ಬಾಗಿಲುಗಳನ್ನೆಲ್ಲ ತೆರೆದು ಮುಚ್ಚಿ, ಗೋಡೆಯ ಬುಡ ಪರೀಕ್ಷಿಸಿ, ಸಾಧ್ಯವಾದರೆ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿಯೇ ಮುಂಗಡ ಕೊಡಬೇಕು.