ಬೆಳಕಿನ ಸೂತ್ರ

ಅಮೃತಾಪುರದ ಅಮೃತೇಶ್ವರ ದೇವಾಲಯವು 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಿರ್ಮಿತವಾಯಿತು. ಅದರ ಮಂಟಪದ ಕಡೆದ ಕಂಬಗಳನ್ನು ಕಂಡವರಿಗೆ, ತಿರುಗುವ ವಸ್ತುವಿಗೆ ನಡುವೆ ಒಂದು ಅಕ್ಷವಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಆ ಅಕ್ಷ ಕಣ್ಣಿಗೆ ಕಾಣದು. ಆದರೆ ಕಂಬದ ದುಂಡು ಅದನ್ನೇ ಅವಲಂಬಿಸಿದೆ. ಅರ್ಬುದರೋಗಕ್ಕೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರದ ಮರ್ಮವೂ ಇಂತಹುದೇ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೇ ಮೊದಲಾದ ಕಡೆಗಳಲ್ಲಿರುವ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರವು ರೋಗಿಯ ಸುತ್ತ ತಿರುಗುತ್ತದೆ, ಕಿರಣದ ಕಿಂಡಿ ತನ್ನಲ್ಲೇ ತಿರುಗುತ್ತದೆ, ಮಂಚವೂ ತಿರುಗುತ್ತದೆ. ಈ ಮೂರು ಅಕ್ಷಗಳು ಸಂಧಿಸುವ ಬಿಂದುವಿಗೆ ಐಸೋಸೆಂಟರ್ ಎಂದು ಹೆಸರು. ಸಾಮಾನ್ಯವಾಗಿ ಅದು ಕಿರಣಮೂಲದಿಂದ 100 ಸೆಂಟಿಮೀಟರ್ ದೂರದಲ್ಲಿರುತ್ತದೆ. ಗಡ್ಡೆಯನ್ನು ಅಲ್ಲಿಗೆ ತಂದರೆ, ಯಂತ್ರ ಯಾವ ದಿಕ್ಕಿಗೆ ತಿರುಗಿದರೂ ಕಿರಣ ಗಡ್ಡೆಯನ್ನೇ ತಾಗುವುದು. ಆದರೆ ಆ ಬಿಂದು ಬರಿಯ ಗಾಳಿಯಲ್ಲಿದೆ. ಅದನ್ನು ತೋರಿಸಲೆಂದೇ ಎಡಬಲ ಗೋಡೆಗಳಿಂದಲೂ ಮೇಲ್ಛಾವಣಿಯಿಂದಲೂ ಲೇಸರ್ ಗೆರೆಗಳನ್ನು ಹಾಯಿಸುವರು. ರೋಗಿಯ ಚರ್ಮದ ಮೇಲಿನ ಗುರುತುಗಳನ್ನು ಆ ಗೆರೆಗಳಿಗೆ ಹೊಂದಿಸುವರು.

ಇಲ್ಲಿ ಮರೆಯಬಾರದ ಮಾತೊಂದುಂಟು: ಲೇಸರ್ ಕೇವಲ ಕುರುಹು. ಎಡಬಲದ ಗೆರೆಗಳು ಪರಸ್ಪರ ಕೂಡಿದ ಮಾತ್ರಕ್ಕೆ ಅವು ಕೇಂದ್ರದಲ್ಲಿವೆ ಎಂದಾಗದು. ಎರಡೂ ಒಟ್ಟಾಗಿ ತಪ್ಪಿರಬಹುದು. ಆದುದರಿಂದ ಲೇಸರಿನ ನೆರವಿಲ್ಲದೆಯೇ ಮೊದಲು ಕೇಂದ್ರವನ್ನು ಕಂಡುಹಿಡಿಯತಕ್ಕದ್ದು. ಯಂತ್ರದ ತಲೆಗೆ ಚೂಪಾದ ಕಡ್ಡಿಯೊಂದನ್ನು ಜೋಡಿಸಿ, ಯಂತ್ರವನ್ನು ಸುತ್ತ ತಿರುಗಿಸಿ, ಕಡ್ಡಿಯ ತುದಿ ಹೆಚ್ಚುಕಡಮೆ ನಿಶ್ಚಲವಾಗುವ ಸ್ಥಾನವನ್ನು ಗುರುತಿಸುವರು. ಬಳಿಕ ಲೇಸರನ್ನು ಅಲ್ಲಿಗೆ ಹೊಂದಿಸುವರು. ಅಷ್ಟೂ ಸಾಲದು. ಗೆರೆ ಓರೆಯಾಗಿದ್ದರೂ ಆ ಒಂದು ಬಿಂದುವನ್ನು ಮುಟ್ಟೀತು. ರೋಗಿಯ ಗುರುತುಗಳಾದರೋ ಬಿಂದುವಿನಿಂದ ದೂರದಲ್ಲಿ, ಚರ್ಮದ ಮೇಲಿವೆ. ಆದಕಾರಣ ಕೇಂದ್ರದ ಇತ್ತಲೂ ಅತ್ತಲೂ 20 ಸೆಂಟಿಮೀಟರ್ ದೂರದವರೆಗೆ ಗೆರೆಯನ್ನು ಪರೀಕ್ಷಿಸಬೇಕು. ಅಡ್ಡಗೆರೆಗೆ ರಸಮಟ್ಟ, ಲಂಬಗೆರೆಗೆ ತೂಗುಗುಂಡು: ನಮ್ಮ ಗಾರೆಯವನ ಉಪಕರಣಗಳೇ ಇಲ್ಲಿಯೂ ಪ್ರಮಾಣ.

ಸಾಮಾನ್ಯ ಚಿಕಿತ್ಸೆಯಲ್ಲಿ 2 ಮಿಲಿಮೀಟರ್, ಅತಿಸೂಕ್ಷ್ಮ ಚಿಕಿತ್ಸೆಯಲ್ಲಿ 1 ಮಿಲಿಮೀಟರ್ ಮೀರಿದ ವ್ಯತ್ಯಾಸ ಸಲ್ಲದೆಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2009ರಲ್ಲಿ ಸೂಚಿಸಿತು. ಪರೀಕ್ಷೆ ಪ್ರತಿದಿನವೂ ನಡೆಯಬೇಕು. ಇಷ್ಟು ಕಟ್ಟುನಿಟ್ಟೇಕೆ? ಚಿಕಿತ್ಸೆ ಹಲವು ವಾರ ಸಾಗುವಂಥದು. ರೋಗಿ ಒಂದು ದಿನ ಆಚೆ, ಒಂದು ದಿನ ಈಚೆ ಸರಿದರೆ ತಪ್ಪು ತಕ್ಕಮಟ್ಟಿಗೆ ಸರಿದೂಗೀತು. ಲೇಸರೇ ಸರಿದಿದ್ದರೆ ತಪ್ಪು ದಿನದಿನವೂ ಒಂದೇ ದಿಕ್ಕಿಗೆ, ಆ ಕೋಣೆಗೆ ಬಂದ ಎಲ್ಲರಿಗೂ. ಗಡ್ಡೆಯ ಒಂದಂಚು ಉಳಿದೀತು. ಪಕ್ಕದ ನಿರೋಗಿ ಅಂಗಕ್ಕೆ ಕಿರಣ ತಗಲೀತು. ಇಂದು ಅನೇಕ ಯಂತ್ರಗಳಲ್ಲಿ ಚಿತ್ರ ತೆಗೆದು ಸ್ಥಾನವನ್ನು ತಿದ್ದುವ ಏರ್ಪಾಡಿದೆಯಾದರೂ, ರೋಗಿಯನ್ನು ಮೊದಲು ಮಲಗಿಸುವುದು ಬಹುಮಟ್ಟಿಗೆ ಈ ಗೆರೆಗಳ ಆಧಾರದಿಂದಲೇ.

ಕುರುಹಿನ ಹಿಂದೆ ಅರಿವಿರಬೇಕೆಂಬುದು ಶರಣಮಾರ್ಗವನ್ನು ಬಲ್ಲ ನಮಗೆ ಹೊಸ ಮಾತಲ್ಲ. ಅದನ್ನು ದಿನದ ಕಾಯಕವಾಗಿ ನಡೆಸುವವರು ಭೌತವಿಜ್ಞಾನಿಗಳೂ ತಂತ್ರಜ್ಞರೂ ಆದ ಕೆಲವರು. ರೋಗಿಗೆ ಅವರ ಹೆಸರೂ ತಿಳಿದಿರುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಈ ವಿದ್ಯೆಯತ್ತ ಮನಸ್ಸು ಮಾಡಲಿ.